ಸೋರಿಯಾಸಿಸ್ ರೋಗಿಗಳ ಜೀವನ ಗುಣಮಟ್ಟದ ಮಾಪನ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿ ಚುನಾಯಿತ ಪ್ರತಿನಿಧಿಗಳು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಿಬ್ಬಂದಿಯ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸೋರಿಯಾಸಿಸ್ ಎಂಬುದು ಚರ್ಮದ ಮೇಲೆ ಕಾಣಿಸಿಕೊಳ್ಳುವ, ಆದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಉಂಟಾಗುವ ದೀರ್ಘಕಾಲೀನ ರೋಗವಾಗಿದೆ. ಆರೋಗ್ಯವಂತ ಚರ್ಮದ ಮೇಲ್ಪದರ ಸುಮಾರು 28 ದಿನಗಳಿಗೊಮ್ಮೆ ನವೀಕರಣಗೊಂಡರೆ, ಈ ರೋಗವಿರುವ ಜಾಗದಲ್ಲಿ ಅದೇ ಕ್ರಿಯೆ ಮೂರು ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. ಹಾಗೆ ರಾಶಿಬಿದ್ದ ಪದರಗಳೇ ಬೆಳ್ಳಿಯ ಬಣ್ಣದ ಹೊಟ್ಟಾಗಿ ಉದುರುತ್ತವೆ. ಮೊಣಕೈ, ಮೊಣಕಾಲು, ನೆತ್ತಿ, ಬೆನ್ನಿನ ಕೆಳಭಾಗ ಇದರ ಸಾಮಾನ್ಯ ಸ್ಥಾನಗಳು. ಕೆಲವರಲ್ಲಿ ಅಂಗೈ, ಅಂಗಾಲು ಬಿರಿಯುತ್ತವೆ. ಕೆಲವರಲ್ಲಿ ಕೀಲುಗಳೂ ಊದಿಕೊಳ್ಳುತ್ತವೆ. ಇದು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಸಂಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲದಿದ್ದರೂ ಹತೋಟಿಯಲ್ಲಿಡುವ ಚಿಕಿತ್ಸೆಗಳಿವೆ. ಭಾರತದ ವಯಸ್ಕರಲ್ಲಿ ಇದರ ಪ್ರಮಾಣ ಶೇ. 0.44ರಿಂದ ಶೇ. 2.8ರವರೆಗೆ ಇದೆಯೆಂದು ವಿವಿಧ ಅಧ್ಯಯನಗಳು ತಿಳಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು 2014ರ ಮೇ ತಿಂಗಳಲ್ಲಿ ಇದನ್ನು ಗಂಭೀರ ಅಸಾಂಕ್ರಾಮಿಕ ರೋಗವೆಂದು ಗುರುತಿಸಿ ನಿರ್ಣಯ ಅಂಗೀಕರಿಸಿತು. 2016ರಲ್ಲಿ ಪ್ರತ್ಯೇಕ ಜಾಗತಿಕ ವರದಿಯೂ ಹೊರಬಂದಿತು.

ಇಷ್ಟನ್ನು ಯಾವುದೇ ಆರೋಗ್ಯ ಕೈಪಿಡಿಯಲ್ಲಿ ಓದಬಹುದು. ಗ್ರಾಮ ಪಂಚಾಯಿತಿಗೆ ಸಂಬಂಧಿಸಿದ ಪ್ರಶ್ನೆ ಬೇರೆಯದು. ಈ ರೋಗದಿಂದ ಒಬ್ಬ ವ್ಯಕ್ತಿಯ ಬದುಕು ಎಷ್ಟು ಕುಗ್ಗಿದೆ ಎಂಬುದನ್ನು ಅಳೆಯಲು ಸಾಧ್ಯವೇ? ಸಾಧ್ಯವಾದರೆ, ಆ ಅಳತೆಗೋಲು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸರಿಯಾಗಿ ಓದುತ್ತದೆಯೇ?

ಮೊದಲ ತೊಡಕು ಹೆಸರಿನಲ್ಲೇ ಇದೆ. ತೊನ್ನಿಗೆ ಹೆಸರಿದೆ, ಗಜಕರ್ಣಕ್ಕೆ ಹೆಸರಿದೆ, ಇಸುಬಿಗೆ ಹೆಸರಿದೆ. ಸೋರಿಯಾಸಿಸ್‌ಗೆ ಹಳ್ಳಿಯಲ್ಲಿ ತನ್ನದೇ ಆದ ಹೆಸರಿಲ್ಲ. ಆದ್ದರಿಂದ ಅದು ಪಕ್ಕದ ರೋಗದ ಹೆಸರನ್ನು ಎರವಲು ಪಡೆಯುತ್ತದೆ. ಹೆಸರಿನೊಡನೆ ಆ ರೋಗಕ್ಕೆ ಸಲ್ಲುವ ನಡವಳಿಕೆಯೂ ಬರುತ್ತದೆ. ಗಜಕರ್ಣವೆಂದರೆ ಟವೆಲ್ಲು, ಬಾಚಣಿಗೆ ಬೇರೆಯಾಗುತ್ತವೆ. ಕುಷ್ಠವೆಂದರೆ ತಟ್ಟೆ, ಲೋಟ, ಮಲಗುವ ಜಾಗವೂ ಬೇರೆಯಾಗುತ್ತವೆ. ಈ ಗೊಂದಲ ಹಳ್ಳಿಗರದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಯೂರೋಪಿನ ವೈದ್ಯರೂ ಶತಮಾನಗಳ ಕಾಲ ಇವೆರಡನ್ನು ಒಂದೇ ಗುಂಪಿಗೆ ಸೇರಿಸಿದ್ದರು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಅವರು ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದರು.

ಕುಷ್ಠರೋಗದ ವಿಷಯದಲ್ಲಿ ಈ ಭಾಗದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಪಾವಗಡದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರವು ಕುಷ್ಠರೋಗಿಗಳ ಸೇವೆಗೆ ಹೆಸರಾಗಿದೆ. ಜನವರಿ 30ರಂದು ಆರಂಭವಾಗುವ ಸ್ಪರ್ಶ್ ಅಭಿಯಾನದಲ್ಲಿ ಗ್ರಾಮಸಭೆಗಳಲ್ಲಿಯೇ ಜಾಗೃತಿ ಸಂದೇಶವನ್ನು ಓದಲಾಗುತ್ತದೆ. ಮನೆಮನೆ ತಪಾಸಣೆಯಲ್ಲಿ ಆಶಾ ಕಾರ್ಯಕರ್ತೆಯು ಕಲೆಯ ಮೇಲೆ ಸ್ಪರ್ಶಜ್ಞಾನವಿದೆಯೇ ಎಂದು ವಿಚಾರಿಸುತ್ತಾರೆ. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಸೋರಿಯಾಸಿಸ್ ಕಲೆಯಲ್ಲಿ ಸ್ಪರ್ಶವೂ ತಿಳಿಯುತ್ತದೆ, ತುರಿಕೆಯೂ ಇರುತ್ತದೆ. ಹಾಗೆ ಕಂಡುಬಂದಾಗ ನಮೂನೆಯಲ್ಲಿ ‘ಕುಷ್ಠವಲ್ಲ’ ಎಂದು ದಾಖಲಾಗುತ್ತದೆ. ಆ ಕುಟುಂಬಕ್ಕೆ ಅದು ದೊಡ್ಡ ಸಮಾಧಾನದ ಮಾತು. ಆದರೆ ನಮೂನೆಯೂ ಅಲ್ಲಿಗೇ ಮುಗಿಯುತ್ತದೆ. ಕುಷ್ಠವಲ್ಲದ್ದು ಏನು, ಆ ವ್ಯಕ್ತಿ ಮುಂದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ.

ಇಲ್ಲಿ ನೀರಿನ ಬಗ್ಗೆ ಒಂದು ಮಾತು. ಪಾವಗಡ, ಶಿರಾ, ಮಧುಗಿರಿ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಎಲ್ಲರಿಗೂ ತಿಳಿದ ಸಂಗತಿ. ಹಲ್ಲಿನ ಕಲೆ, ಮೂಳೆ ಮತ್ತು ಕೀಲುಗಳ ಬಾಧೆಗೆ ಅದು ಕಾರಣವಾಗುತ್ತದೆ. ಅದರಿಂದಾಗಿ ಮೈಮೇಲಿನ ಪ್ರತಿಯೊಂದು ಕಲೆಗೂ ‘ನೀರಿನ ದೋಷ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೋರಿಯಾಸಿಸ್ ಫ್ಲೋರೈಡ್‌ನಿಂದ ಬರುವ ರೋಗವಲ್ಲ. ಶುದ್ಧ ಕುಡಿಯುವ ನೀರಿನ ಘಟಕ ಅತ್ಯಗತ್ಯವೇ ಸರಿ, ಆದರೆ ಅದು ಈ ರೋಗಕ್ಕೆ ಪರಿಹಾರವಾಗದು.

ಇನ್ನು ಅಳತೆಯ ವಿಚಾರ. ಚರ್ಮತಜ್ಞರು ರೋಗದ ತೀವ್ರತೆಯನ್ನು ಅಳೆಯಲು ಬಳಸುವ ಪ್ರಮುಖ ಮಾಪನವೆಂದರೆ ಪಾಸಿ ಸೂಚ್ಯಂಕ. 1978ರಲ್ಲಿ ಫ್ರೆಡ್ರಿಕ್ಸನ್ ಮತ್ತು ಪೆಟ್ಟರ್ಸನ್ ಎಂಬ ವೈದ್ಯರು ಇದನ್ನು ರೂಪಿಸಿದರು. ದೇಹವನ್ನು ತಲೆ, ಕೈಗಳು, ಮುಂಡ, ಕಾಲುಗಳು ಎಂದು ನಾಲ್ಕಾಗಿ ವಿಂಗಡಿಸಿ ಕ್ರಮವಾಗಿ ಶೇ. 10, 20, 30, 40ರ ತೂಕ ನೀಡಲಾಗುತ್ತದೆ. ಪ್ರತಿ ಭಾಗದ ಕೆಂಪು, ದಪ್ಪ, ಹೊಟ್ಟು ಇವುಗಳಿಗೆ 0ಯಿಂದ 4ರವರೆಗೆ, ಆವರಿಸಿದ ವಿಸ್ತೀರ್ಣಕ್ಕೆ 0ಯಿಂದ 6ರವರೆಗೆ ಅಂಕ ಕೊಟ್ಟು ಗುಣಿಸಿ ಕೂಡಿದರೆ ಗರಿಷ್ಠ 72 ಬರುತ್ತದೆ. ಕಟ್ಟಡದ ಬಿರುಕನ್ನು ಉದ್ದ, ಅಗಲ, ಆಳ ಹಿಡಿದು ದಾಖಲಿಸುವ ಅಳತೆ ಪುಸ್ತಕದಂತೆ ಇದು ಕ್ರಮಬದ್ಧವಾಗಿದೆ. ಆದರೆ ಆ ಮನೆಯೊಳಗೆ ಯಾರಾದರೂ ವಾಸವಿದ್ದಾರೆಯೇ, ಅವರು ರಾತ್ರಿ ನಿದ್ರಿಸುತ್ತಾರೆಯೇ ಎಂಬುದನ್ನು ಅಳತೆ ಪುಸ್ತಕ ಹೇಳುವುದಿಲ್ಲ.

ಆ ಕೊರತೆಯನ್ನು ತುಂಬಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಆಂಡ್ರ್ಯೂ ಫಿನ್ಲೇ ಮತ್ತು ಗುಲ್ ಕರೀಂ ಖಾನ್ ಅವರು ಚರ್ಮರೋಗ ಜೀವನ ಗುಣಮಟ್ಟ ಸೂಚ್ಯಂಕವನ್ನು ಪ್ರಕಟಿಸಿದರು. ಡಿ.ಎಲ್.ಕ್ಯೂ.ಐ. ಎಂಬ ಹೆಸರಿನಿಂದ ಅದು ಪ್ರಚಲಿತವಾಗಿದೆ. ಇದರ ವಿಶೇಷವೆಂದರೆ ಪ್ರಶ್ನೆಗಳನ್ನು ವೈದ್ಯರು ತಮ್ಮ ಕುರ್ಚಿಯಲ್ಲಿ ಕುಳಿತು ಕಲ್ಪಿಸಲಿಲ್ಲ. ವಿವಿಧ ಚರ್ಮರೋಗಗಳಿದ್ದ 120 ಜನರನ್ನು ‘ನಿಮ್ಮ ಬದುಕಿನಲ್ಲಿ ಇದರಿಂದ ಏನಾಗಿದೆ’ ಎಂದು ಕೇಳಿ, ಅವರ ಉತ್ತರಗಳಿಂದಲೇ ಹತ್ತು ಪ್ರಶ್ನೆಗಳನ್ನು ಆರಿಸಿದರು. ತುರಿಕೆ ಮತ್ತು ನೋವು, ಮುಜುಗರ, ಪೇಟೆ ಹಾಗೂ ಮನೆಗೆಲಸ, ಉಡುಪಿನ ಆಯ್ಕೆ, ಸಾಮಾಜಿಕ ಬೆರೆಯುವಿಕೆ, ಆಟೋಟ, ದುಡಿಮೆ ಅಥವಾ ಓದು, ಆಪ್ತರೊಡನೆ ಸಂಬಂಧ, ದಾಂಪತ್ಯ, ಕೊನೆಯದಾಗಿ ಚಿಕಿತ್ಸೆಯೇ ತರುವ ತೊಂದರೆ — ಇವು ಆ ಹತ್ತು ವಿಷಯಗಳು. ಎಲ್ಲವೂ ಹಿಂದಿನ ಒಂದು ವಾರಕ್ಕೆ ಸಂಬಂಧಿಸಿದವು. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 30. ಮೊತ್ತ 0–1 ಇದ್ದರೆ ಬದುಕಿನ ಮೇಲೆ ಪರಿಣಾಮವಿಲ್ಲ, 2–5 ಅಲ್ಪ, 6–10 ಮಧ್ಯಮ, 11–20 ಬಹಳ ಹೆಚ್ಚು, 21–30 ಅತ್ಯಂತ ಹೆಚ್ಚು. ವಿಸ್ತೀರ್ಣ ದೇಹದ ಶೇ. 10ಕ್ಕಿಂತ ಹೆಚ್ಚು, ಅಥವಾ ಪಾಸಿ 10ಕ್ಕಿಂತ ಹೆಚ್ಚು, ಅಥವಾ ಈ ಸೂಚ್ಯಂಕ 10ಕ್ಕಿಂತ ಹೆಚ್ಚಿದ್ದರೆ ರೋಗವನ್ನು ತೀವ್ರವೆಂದು ಪರಿಗಣಿಸುವ ‘ಹತ್ತರ ನಿಯಮ’ವನ್ನು ಫಿನ್ಲೇ ಅವರು 2005ರಲ್ಲಿ ಸೂಚಿಸಿದರು. ಮೂರರಲ್ಲಿ ಯಾವುದಾದರೂ ಒಂದು ಸಾಕು. ಚರ್ಮ ಹೇಳದ್ದನ್ನು ರೋಗಿಯ ಮಾತು ಹೇಳಿದರೂ ಅದು ಲೆಕ್ಕಕ್ಕೆ ಬರುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಈ ಸೂಚ್ಯಂಕದ ಮೂರರಿಂದ ಹತ್ತನೆಯ ಪ್ರಶ್ನೆಗಳವರೆಗೆ ಇನ್ನೊಂದು ಉತ್ತರಕ್ಕೂ ಅವಕಾಶವಿದೆ: ‘ಅನ್ವಯಿಸುವುದಿಲ್ಲ’. ಅದಕ್ಕೆ ದೊರೆಯುವ ಅಂಕ ಸೊನ್ನೆ. ಪಂಚಾಯಿತಿ ಮಟ್ಟದಲ್ಲಿ ಅತ್ಯಂತ ಎಚ್ಚರದಿಂದ ನೋಡಬೇಕಾದ ಸ್ಥಳ ಇದೇ.

ತಿಳಿವಳಿಕೆಗಾಗಿ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳಬಹುದು. ಮಧುಗಿರಿ ತಾಲ್ಲೂಕಿನ ಯಾವುದೋ ಹಳ್ಳಿ, ವಯಸ್ಸು ನಲವತ್ತೆರಡು. ನೆತ್ತಿ, ಮೊಣಕೈ, ಮೊಣಕಾಲುಗಳಲ್ಲಿ ಕಲೆಗಳಿವೆ. ತಲೆಯ ಭಾಗಕ್ಕೆ 1.2, ಕೈಗಳಿಗೆ 1.2, ಕಾಲುಗಳಿಗೆ 2.8 — ಪಾಸಿ ಒಟ್ಟು 5.2. ಎಪ್ಪತ್ತೆರಡರಲ್ಲಿ ಐದು, ಕಡತದ ಭಾಷೆಯಲ್ಲಿ ಲಘು ಸ್ವರೂಪದ ರೋಗ. ಈಗ ಹತ್ತು ಪ್ರಶ್ನೆಗಳನ್ನು ಕೇಳಲಾಗುತ್ತದೆ. ತುರಿಕೆ ಹೆಚ್ಚು, ಅಂಕ 2. ಮುಜುಗರ ವಿಪರೀತ, ಅಂಕ 3. ಮನೆಗೆಲಸಕ್ಕೆ ಸ್ವಲ್ಪ ಅಡ್ಡಿ, 1. ಉಡುಪು: ಬಿಸಿಲಿನಲ್ಲೂ ತುಂಬುತೋಳಿನ ರವಿಕೆ, ತಲೆಯ ಮೇಲೆ ಸೆರಗು, 2. ಬಂಧುಗಳ ಮಾತಿನಿಂದ ಸ್ವಲ್ಪ ನೋವು, 1. ಚಿಕಿತ್ಸೆಯ ತೊಂದರೆ ಏನೂ ಇಲ್ಲ, ಹಚ್ಚುತ್ತಿರುವುದು ಕೊಬ್ಬರಿ ಎಣ್ಣೆ ಮಾತ್ರ, 0. ಉಳಿದ ನಾಲ್ಕಕ್ಕೆ ಆಕೆಯ ಉತ್ತರಗಳು ಹೀಗಿವೆ. ಮದುವೆ, ಜಾತ್ರೆ? ‘ಎಲ್ಲಿಗೂ ಹೋಗುವುದಿಲ್ಲ.’ ಆಟ? ‘ನಮಗೆಂಥ ಆಟ.’ ಕೂಲಿ? ‘ಕೂಲಿಗೆ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ.’ ದಾಂಪತ್ಯ? ಮೌನ. ನಾಲ್ಕೂ ಕಡೆ ‘ಅನ್ವಯಿಸುವುದಿಲ್ಲ’ ಎಂದು ಗುರುತು ಬೀಳುತ್ತದೆ. ಒಟ್ಟು 9. ಮಧ್ಯಮ ಪರಿಣಾಮ. ಹತ್ತರ ನಿಯಮವೂ ಆಕೆಯನ್ನು ಮುಟ್ಟುವುದಿಲ್ಲ.

ಪ್ರತಿ ಗ್ರಾಮ ಪಂಚಾಯಿತಿಗೂ ಈಗ ಸ್ವಯಂಚಾಲಿತ ಮಳೆಮಾಪಕವಿದೆ. ಮಳೆ ಬಾರದ ದಿನ ಅದು ಸೊನ್ನೆ ತೋರಿಸುತ್ತದೆ. ಅದರ ಬಾಯಿಗೆ ಎಲೆ ಬಿದ್ದು ಮುಚ್ಚಿಕೊಂಡಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ. ದೂರದ ಕಚೇರಿಯ ಪರದೆಯಲ್ಲಿ ಎರಡು ಸೊನ್ನೆಗಳಿಗೂ ಒಂದೇ ಆಕಾರ. ಬೆಳೆವಿಮೆಯ ಕಾಲದಲ್ಲಿ ಈ ವ್ಯತ್ಯಾಸ ರೈತರಿಗೆ ಚೆನ್ನಾಗಿಯೇ ತಿಳಿಯುತ್ತದೆ. ಮೇಲಿನ ಮಹಿಳೆಯ ನಾಲ್ಕು ಸೊನ್ನೆಗಳಲ್ಲಿ ಆಟಕ್ಕೆ ಸಂಬಂಧಿಸಿದ ಒಂದು ನಿಜವಾಗಿಯೂ ಮಳೆಯಿಲ್ಲದ ದಿನದ ಸೊನ್ನೆ. ರೋಗವಿರಲಿ ಬಿಡಲಿ ಆಕೆಗೆ ಆಟದ ಮೈದಾನವಿಲ್ಲ. ಮದುವೆ ಮತ್ತು ಕೂಲಿಯ ಸೊನ್ನೆಗಳು ಮುಚ್ಚಿದ ಬಾಯಿಯವು. ರೋಗವು ಆಕೆಯ ಬದುಕಿನಿಂದ ಆ ಎರಡನ್ನೂ ತೆಗೆದುಹಾಕಿದೆ. ತೆಗೆದುಹಾಕಿದ ಕಾರಣಕ್ಕೇ ಅವು ತೊಂದರೆಯ ಪಟ್ಟಿಯಿಂದಲೂ ಹೊರಬಿದ್ದಿವೆ.

ಈ ದೋಷವನ್ನು ಸಂಶೋಧಕರೂ ಗುರುತಿಸಿದ್ದಾರೆ. 2018ರಲ್ಲಿ ಹಂಗೇರಿಯ ಫ್ಯಾನಿ ರೆಂಟ್ಸ್ ಮತ್ತು ಸಂಗಡಿಗರು ಸೋರಿಯಾಸಿಸ್ ರೋಗಿಗಳಿಗಾಗಿಯೇ ಒಂದು ತಿದ್ದುಪಡಿ ಸೂತ್ರವನ್ನು ಮುಂದಿಟ್ಟರು. ಬಂದ ಮೊತ್ತವನ್ನು ಹತ್ತರಿಂದ ಗುಣಿಸಿ, ನಿಜವಾಗಿ ಅನ್ವಯಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸುವುದೇ ಆ ಸೂತ್ರ. ಮೇಲಿನ ಉದಾಹರಣೆಯಲ್ಲಿ 9ನ್ನು 10ರಿಂದ ಗುಣಿಸಿ 6ರಿಂದ ಭಾಗಿಸಿದರೆ 15 ಬರುತ್ತದೆ. ಮಧ್ಯಮವಿದ್ದ ಪರಿಣಾಮ ‘ಬಹಳ ಹೆಚ್ಚು’ ಎಂಬ ವರ್ಗಕ್ಕೆ ಏರುತ್ತದೆ. ಸೂತ್ರವು ಉಪಯುಕ್ತವೇ, ಆದರೂ ಅದು ನಾಲ್ಕು ಸೊನ್ನೆಗಳನ್ನೂ ಒಂದೇ ರೀತಿ ಕಾಣುತ್ತದೆ. ಯಾವುದು ಖಾಲಿ, ಯಾವುದು ಮುಚ್ಚಿದ್ದು ಎಂಬುದನ್ನು ತಿಳಿಯಲು ಮನೆಯ ಜಗುಲಿಯಲ್ಲಿ ಕುಳಿತು ಕೇಳಬೇಕಾದ ಒಂದೇ ಪ್ರಶ್ನೆಯಿದೆ: ‘ಮೊದಲಿನಿಂದಲೂ ಇಲ್ಲವೇ, ಇದು ಬಂದ ಮೇಲೆ ನಿಂತಿತೇ?’ ಈ ಪ್ರಶ್ನೆಯನ್ನು ಸೂಚ್ಯಂಕದೊಳಗೆ ಸೇರಿಸಕೂಡದು. ಅದಕ್ಕೆ ಹಕ್ಕುಸ್ವಾಮ್ಯವಿದ್ದು, ಪದಗಳನ್ನು ಬದಲಿಸಿದರೆ ಅಂಕಗಳ ಹೋಲಿಕೆ ಕೆಡುತ್ತದೆ. ಹತ್ತೂ ಮುಗಿದ ಮೇಲೆ ಪ್ರತ್ಯೇಕವಾಗಿ ಕೇಳಿ, ಉತ್ತರವನ್ನು ಅಂಚಿನಲ್ಲಿ ಬರೆದರೆ ಸಾಕು.

ಒಂದು ವಾರದ ಅವಧಿಯೂ ನಮ್ಮ ಪಂಚಾಂಗಕ್ಕೆ ಸುಲಭವಾಗಿ ಹೊಂದುವುದಿಲ್ಲ. ಆಷಾಢದ ವಾರವೊಂದರಲ್ಲಿ ಕೇಳಿದರೆ ಸಾಮಾಜಿಕ ಸಮಾರಂಭಗಳಿಗೆ ಅಡ್ಡಿಯಾಯಿತೇ ಎಂಬುದಕ್ಕೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಆಷಾಢದಲ್ಲಿ ಮದುವೆಗಳೇ ಇಲ್ಲ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ ನಡೆಯುವ ವಾರದಲ್ಲಿ ಅದೇ ಪ್ರಶ್ನೆಗೆ ಅದೇ ವ್ಯಕ್ತಿಯ ಉತ್ತರ ಬೇರೆಯಾಗಬಹುದು. ಕಡಲೆಕಾಯಿ ಕೀಳುವ ದಿನಗಳಲ್ಲಿ ಬಿರಿದ ಅಂಗೈಯ ನೋವು ಒಂದು ತೆರನಾದರೆ, ಬಿಡುವಿನ ಬೇಸಿಗೆಯಲ್ಲಿ ಇನ್ನೊಂದು ತೆರ. ಗಿಡ ಕೀಳುವಾಗ, ಬೇಲಿ ಕಟ್ಟುವಾಗ ಆಗುವ ತರಚು ಗಾಯಗಳ ಜಾಗದಲ್ಲೇ ಹೊಸ ಕಲೆ ಏಳುವುದು ಈ ರೋಗದ ಸ್ವಭಾವ. ಜತೆಗೆ ಚಳಿಗಾಲದ ಒಣಹವೆಯಲ್ಲಿ ಹಲವರಿಗೆ ರೋಗ ಉಲ್ಬಣಿಸುತ್ತದೆ. ಆದ್ದರಿಂದ ಕೇಳಿದ ದಿನಾಂಕವನ್ನೂ ಆ ವಾರದ ಬೇಸಾಯ, ಹಬ್ಬಗಳನ್ನೂ ಹಾಳೆಯ ಮೇಲೆ ನಮೂದಿಸುವುದು ಒಳ್ಳೆಯದು. ವರ್ಷಕ್ಕೊಮ್ಮೆ ಕೇಳಿ ಮುಗಿಸುವುದಕ್ಕಿಂತ ಬೇರೆ ಬೇರೆ ಕಾಲದಲ್ಲಿ ಎರಡು ಸಲ ಕೇಳುವುದು ಹೆಚ್ಚು ಸತ್ಯವನ್ನು ತಿಳಿಸುತ್ತದೆ.

ಭಾಷೆಯ ವಿಷಯದಲ್ಲಿ ಪಾವಗಡ ಒಂದು ವಿಶೇಷ ಸಂದರ್ಭ. ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಈ ತಾಲ್ಲೂಕಿನಲ್ಲಿ ಶಾಲೆಯ ಭಾಷೆ ಕನ್ನಡವಾದರೂ ಅನೇಕ ಮನೆಗಳಲ್ಲಿ ನೋವಿನ ಭಾಷೆ ತೆಲುಗು. ಓದಬಲ್ಲವರಿಗೆ ಹಾಳೆಯನ್ನು ಕೊಟ್ಟು ತಾವೇ ತುಂಬಲು ಬಿಡುವುದು ಉತ್ತಮ ಕ್ರಮ. ಓದಲಾರದವರಿಗೆ ಅವರ ಮನೆಮಾತಿನಲ್ಲಿ, ಅಧಿಕೃತ ಅನುವಾದದಂತೆಯೇ ಓದಿ ಹೇಳಬೇಕು. ಓದುವವರು ಅದೇ ಬೀದಿಯವರಾಗದಿದ್ದರೆ ಮೇಲು. ದಾಂಪತ್ಯದ ಪ್ರಶ್ನೆಯನ್ನು ಅತ್ತೆ, ಮಾವ, ಮಕ್ಕಳ ಎದುರಿನಲ್ಲಿ ಕೇಳಿ ‘ಅನ್ವಯಿಸುವುದಿಲ್ಲ’ ಎಂದು ಬರೆದುಕೊಳ್ಳುವುದಕ್ಕಿಂತ ಕೇಳದಿರುವುದೇ ಲೇಸು. ಶಾಲಾ ಮಕ್ಕಳಿಗೆ, ಅಂದರೆ 4ರಿಂದ 16 ವರ್ಷದವರಿಗೆ, 1995ರಲ್ಲಿ ಪ್ರಕಟವಾದ ಪ್ರತ್ಯೇಕ ಸೂಚ್ಯಂಕವಿದೆ. ದೊಡ್ಡವರ ಹಾಳೆಯನ್ನು ಮಕ್ಕಳ ಮೇಲೆ ಬಳಸಬಾರದು.

ಚಿಕಿತ್ಸೆ ತರುವ ತೊಂದರೆ ಎಂಬ ಹತ್ತನೆಯ ಪ್ರಶ್ನೆಯನ್ನು ಮೂಲದಲ್ಲಿ ಮುಲಾಮಿನಿಂದ ಮನೆ ಕೊಳೆಯಾಗುವುದು, ಸಮಯ ವ್ಯಯವಾಗುವುದು ಎಂಬ ಅರ್ಥದಲ್ಲಿ ರೂಪಿಸಲಾಗಿದೆ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದೂರವಿದೆ. ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜತೆಗೆ ಬರುವವರ ಕೂಲಿ ಇವೆಲ್ಲ ಸೇರಿದಾಗ ಇಲ್ಲಿ ಆ ಪ್ರಶ್ನೆಯ ತೂಕವೇ ಬೇರೆ. ಹೀಗಾಗಿಯೇ ಅನೇಕರು ಔಷಧಿ ಅಂಗಡಿಯಲ್ಲಿ ಸಿಕ್ಕ ಮುಲಾಮನ್ನು ಹಚ್ಚುತ್ತಾರೆ, ಇಲ್ಲವೇ ಸಿದ್ಧರಬೆಟ್ಟದ ಗಿಡಮೂಲಿಕೆ ಅರಸಿ ಹೋಗುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ಟೀರಾಯ್ಡ್ ಮಾತ್ರೆ, ಚುಚ್ಚುಮದ್ದುಗಳನ್ನು ವೈದ್ಯರ ಸಲಹೆಯಿಲ್ಲದೆ ಪಡೆದು ಹಠಾತ್ತನೆ ನಿಲ್ಲಿಸಿದರೆ ಸೋರಿಯಾಸಿಸ್ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆಗಳಾಗಿ ಪ್ರಾಣಾಪಾಯದ ಹಂತಕ್ಕೂ ಹೋಗಬಹುದು.

ಪಂಚಾಯಿತಿಯ ಸ್ವಂತ ದಾಖಲೆಗಳಲ್ಲೂ ಮುಚ್ಚಿದ ಸೊನ್ನೆಗಳಿವೆ. ಕೆಲಸಕ್ಕೆ ಅರ್ಜಿ ಹಾಕದವರು ‘ಬೇಡಿಕೆ ಇಲ್ಲ’ ಎಂಬ ಕಾಲಂಗೆ ಸೇರುತ್ತಾರೆ. ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರಿನ ಲೋಟವನ್ನು ಬೇರೆ ಇಟ್ಟಿದ್ದಕ್ಕೆ ಒಬ್ಬರು ಬರುವುದನ್ನು ನಿಲ್ಲಿಸಿದರೆ, ಅದೂ ಬೇಡಿಕೆ ಇಲ್ಲವೆಂದೇ ದಾಖಲಾಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿನ ಚರ್ಮ ಬಿರಿದವರ ಬೆರಳಚ್ಚು ಯಂತ್ರಕ್ಕೆ ಹೊಂದದೆ ಮತ್ತೆ ಮತ್ತೆ ವಿಫಲವಾಗಬಹುದು. ಸರದಿಯಲ್ಲಿ ನಿಂತವರೆಲ್ಲ ಆ ಕೈಯನ್ನೇ ನೋಡುವ ಐದು ನಿಮಿಷಗಳು ಯಾವ ಸೂಚ್ಯಂಕದಲ್ಲೂ ಇಲ್ಲ. ಆಧಾರ್ ದೃಢೀಕರಣಕ್ಕೆ ಕಣ್ಣಿನ ಪಾಪೆ, ಮುಖ, ಮೊಬೈಲ್‌ಗೆ ಬರುವ ಒ.ಟಿ.ಪಿ. ಎಂಬ ಬೇರೆ ವಿಧಾನಗಳೂ ಇವೆ. ಆಧಾರ್‌ನಲ್ಲಿ ಮೊಬೈಲ್ ಸಂಖ್ಯೆ ನೋಂದಣಿಯಾಗಿರುವಂತೆ ನೋಡಿಕೊಳ್ಳಲು ಆ ಕುಟುಂಬಕ್ಕೆ ಮುಂಚೆಯೇ ನೆರವಾಗಬಹುದು. ಇದಕ್ಕೆ ಯಾವ ಹೊಸ ಅನುದಾನವೂ ಬೇಕಿಲ್ಲ.

ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದುವುದು, ಸೂಚನಾ ಫಲಕದಲ್ಲಿ ಅಂಟಿಸುವುದು ಪಾರದರ್ಶಕತೆಯ ಉತ್ತಮ ಪದ್ಧತಿ. ಈ ಪಟ್ಟಿಗೆ ಮಾತ್ರ ಅದು ಸಲ್ಲದು. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ತಾಯಿಯ ಹೆಸರು ಫಲಕದ ಮೇಲೆ ಬಂದರೆ ಆಗುವ ಹಾನಿಯನ್ನು ಯಾವ ಮುಲಾಮೂ ಸರಿಪಡಿಸದು. ಹೆಸರುಳ್ಳ ಹಾಳೆ ರೋಗಿಯ ಕೈಯಲ್ಲಿರಲಿ, ಅದರ ಪ್ರತಿ ವೈದ್ಯರ ಕಡತದಲ್ಲಿರಲಿ. ಪಂಚಾಯಿತಿಗೆ ಬೇಕಾದರೆ ಸಂಖ್ಯೆಯಷ್ಟೇ ಬರಲಿ. ಗ್ರಾಮಸಭೆಯಲ್ಲಿ ಓದಬೇಕಾದ ವಾಕ್ಯ ಒಂದೇ: ಈ ರೋಗ ಅಂಟುವುದಿಲ್ಲ. ಸ್ಪರ್ಶ್ ಸಂದೇಶ ಓದುವ ದಿನವೇ ಅದನ್ನೂ ಓದಬಹುದು.

ಮೇಲೆ ಕಲ್ಪಿಸಿಕೊಂಡ ಮಹಿಳೆಗೆ ಚರ್ಮತಜ್ಞರ ಚಿಕಿತ್ಸೆ ದೊರೆತು ಆರು ತಿಂಗಳಾಯಿತೆಂದು ಇಟ್ಟುಕೊಳ್ಳೋಣ. ಅದೇ ಹತ್ತು ಪ್ರಶ್ನೆಗಳನ್ನು ಮತ್ತೆ ಕೇಳಲಾಗಿದೆ. ತುರಿಕೆ 1, ಮುಜುಗರ 2, ಮನೆಗೆಲಸ 0, ಉಡುಪು 1, ಬಂಧುಗಳು 0. ಮುಲಾಮು ಬಟ್ಟೆಗೆ ಅಂಟುತ್ತದೆ, ಆದ್ದರಿಂದ ಚಿಕಿತ್ಸೆಯ ತೊಂದರೆಗೆ ಈಗ 1. ತಂಗಿಯ ಮಗಳ ಮದುವೆಗೆ ಹೋಗಿದ್ದರು, ಪಂಕ್ತಿಯಲ್ಲಿ ಕೂರಲು ಹಿಂಜರಿದರು. ಸಾಮಾಜಿಕ ಪ್ರಶ್ನೆಗೆ 2. ಕಡಲೆಕಾಯಿ ಕೀಳಲು ನಾಲ್ಕು ದಿನ ಹೋದರು, ಕೈ ಉರಿಯಿತು; ದುಡಿಮೆಗೆ 1. ಆಟ ಮತ್ತು ದಾಂಪತ್ಯದ ಪ್ರಶ್ನೆಗಳು ಮೊದಲಿನಂತೆಯೇ ಅನ್ವಯಿಸುವುದಿಲ್ಲ. ಒಟ್ಟು 8. ಮೊದಲಿದ್ದದ್ದು 9. ನಾಲ್ಕು ಅಂಕಗಳಷ್ಟಾದರೂ ವ್ಯತ್ಯಾಸವಿದ್ದರೆ ಮಾತ್ರ ರೋಗಿಗೆ ಅರಿವಾಗುವಂತಹ ಬದಲಾವಣೆಯೆಂದು ಲೆಕ್ಕ. ಆ ಲೆಕ್ಕದಲ್ಲಿ ಇಲ್ಲಿ ಏನೂ ಬದಲಾಗಿಲ್ಲ. ತಿದ್ದುಪಡಿ ಸೂತ್ರದಂತೆ 8ನ್ನು 10ರಿಂದ ಗುಣಿಸಿ 8ರಿಂದ ಭಾಗಿಸಿದರೆ 10, ಮೊದಲಿದ್ದದ್ದು 15. ಅಂಚಿನಲ್ಲಿ ಕಾರ್ಯಕರ್ತೆ ಬರೆದಿರುವ ಟಿಪ್ಪಣಿ ಇಷ್ಟು: ‘ಮದುವೆಗೆ ಹೋಗಿದ್ದರು. ಕೂಲಿ ನಾಲ್ಕು ದಿನ.’